‘ನಾ ಏನ್ ಬಸರಾಗೀನೇನ್ರೀ?’: ಕ್ಯಾಶುವಾಲ್ಟಿಯಲ್ಲಿ ಸ್ಕ್ಯಾನಿಂಗ್

ವಿಜಯಪುರದಲ್ಲಿ ಹೌಸ್ ಸರ್ಜನ್‌ಗಳು, ನರ್ಸ್‌ಗಳು, ಆಂಬುಲೆನ್ಸ್ ಸಿಬ್ಬಂದಿ ಮತ್ತು ಆಸಕ್ತ ಸಾರ್ವಜನಿಕರ ಮುಂದೆ ತುರ್ತು ಚಿಕಿತ್ಸಾ ವೈದ್ಯರೊಬ್ಬರು ರೋಗಿಯ ಹಾಸಿಗೆ ಪಕ್ಕದಲ್ಲೇ ಮಾಡುವ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬಗ್ಗೆ ಆಡಿದ ಮಾತಿನ ಬರಹ ರೂಪ.

ಸ್ಕ್ಯಾನಿಂಗ್ ಅಂದ ಕೂಡಲೇ ನಮ್ಮ ಕಡೆ ಎಲ್ಲರಿಗೂ ನೆನಪಾಗುವುದು ಒಂದೇ ಅಲ್ವಾ? ಒಂದು ಚಳಿಗಾಲದ ರಾತ್ರಿ ಎರಡು ಗಂಟೆಗೆ ಇಂಡಿ ಕಡೆಯ ಅಜ್ಜ ಒಬ್ಬನನ್ನು ಟಂಟಂ ಆಟೋದಲ್ಲಿ ಕೂರಿಸಿಕೊಂಡು ತಂದರು. ಅಜ್ಜನಿಗೆ ಮಲಗಲು ಆಗುತ್ತಿಲ್ಲ. ಎರಡೂ ಕೈ ಮಂಚದ ಅಂಚಿಗೆ ಊರಿ ಕೂತು ಉಸಿರು ಎಳೆಯುತ್ತಿದ್ದ. ಮೈಯೆಲ್ಲ ಬೆವರು. ನಾನು ಸ್ಕ್ಯಾನಿಂಗ್ ಯಂತ್ರ ತಳ್ಳಿಕೊಂಡು ಬಂದು ಎದೆಗೆ ಜೆಲ್ಲಿ ಹಚ್ಚಿದೆ. ಅಷ್ಟು ಸಂಕಟದಲ್ಲೂ ಅಜ್ಜ ನನ್ನ ಕೈ ಹಿಡಿದು, ಉಸಿರಿಗೆ ಎರಡೆರಡು ಮಾತು ಜೋಡಿಸಿ ಕೇಳಿದ: “ಸ್ಕ್ಯಾನಿಂಗ್ ಯಾಕ್ರೀ ಡಾಕ್ಟರ್ರ... ನಾ ಏನ್... ಬಸರಾಗೀನೇನ್ರೀ?”

ನಮ್ಮ ಸಿಸ್ಟರ್ ನಕ್ಕುಬಿಟ್ಟರು. ನನಗೂ ನಗು ಬಂತು. ಅಜ್ಜನ ಪ್ರಶ್ನೆಗೆ ಇವತ್ತು ಸ್ವಲ್ಪ ವಿವರವಾಗಿ ಉತ್ತರ ಕೊಡುತ್ತೇನೆ. ಅಲ್ಲಿಯವರೆಗೆ ಅಜ್ಜ ಮಂಚದ ಮೇಲೇ ಕೂತಿರಲಿ, ಆಕ್ಸಿಜನ್ ಹಾಕಿದ್ದೇವೆ.

ಮೊದಲು ಯಂತ್ರದ ವಿಷಯ. ವಿಜಯಪುರದಲ್ಲಿ ನಿಂತು ಶಬ್ದದ ಬಗ್ಗೆ ಮಾತಾಡುವವನು ಗೋಳಗುಮ್ಮಟವನ್ನು ತಪ್ಪಿಸಿಕೊಂಡು ಹೋಗಲು ಆಗುವುದಿಲ್ಲ. ನೀವೆಲ್ಲ ಶಾಲೆಯಲ್ಲಿದ್ದಾಗ ಮೇಲೆ ಹತ್ತಿ ಚಪ್ಪಾಳೆ ಹೊಡೆದವರೇ. ಗೋಡೆಗೆ ಬಡಿದ ಶಬ್ದ ವಾಪಸ್ ಬರುತ್ತದೆ. ನಮ್ಮ ಯಂತ್ರದ ಕೆಲಸವೂ ಇದೇ. ಪ್ರೋಬ್ ಅನ್ನುವ ಕೈಯಳತೆಯ ತುಂಡು ಮೈಯೊಳಗೆ ಚಪ್ಪಾಳೆ ಹೊಡೆಯುತ್ತದೆ, ವಾಪಸ್ ಬಂದದ್ದನ್ನು ಕೇಳಿಸಿಕೊಳ್ಳುತ್ತದೆ. ಆದರೆ ಆ ಚಪ್ಪಾಳೆ ನಮ್ಮ ಕಿವಿಗೆ ಕೇಳಿಸದು. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನದವರೆಗೆ ಕೇಳಿಸಿದರೆ ಅದೇ ಜಾಸ್ತಿ. ಇದು 20 ಲಕ್ಷದಿಂದ ಒಂದೂವರೆ ಕೋಟಿಯವರೆಗೆ ಹೋಗುತ್ತದೆ. ಮೈಯೊಳಗೆ ಶಬ್ದ ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ ಅಂತ ಯಂತ್ರ ಲೆಕ್ಕ ಹಿಡಿದಿರುತ್ತದೆ. ಪ್ರತಿಧ್ವನಿ ಬರಲು ಎಷ್ಟು ಹೊತ್ತಾಯಿತು ಅನ್ನುವುದರ ಮೇಲೆ ಎಷ್ಟು ಆಳ ಅಂತ ಗೊತ್ತುಮಾಡಿ ಸ್ಕ್ರೀನ್ ಮೇಲೆ ಒಂದು ಚುಕ್ಕೆ ಇಡುತ್ತದೆ. ರಕ್ತ, ನೀರು, ಮೂತ್ರ ಕಪ್ಪಗೆ ಕಾಣುತ್ತವೆ. ಎಲುಬು ಬೆಳ್ಳಗೆ, ಅದರ ಹಿಂದೆ ನೆರಳು. ಲಿವರ್‌ನಂಥ ಮಾಂಸ ಬೂದು. ಇಷ್ಟು ಗೊತ್ತಾದರೆ ಇವತ್ತಿನ ಮಟ್ಟಿಗೆ ಸಾಕು.

ಇಲ್ಲಿ ಒಂದು ಅಡ್ಡಕಥೆ ಹೇಳಲೇಬೇಕು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಅಂತ ಹೆರಿಗೆ ವೈದ್ಯರಿದ್ದರು. ಬಾಯ್ಲರ್ ಮಾಡುವ ಕಾರ್ಖಾನೆಯಲ್ಲಿ ಉಕ್ಕಿನೊಳಗಿನ ಬಿರುಕನ್ನು ಶಬ್ದದಿಂದ ಹುಡುಕುತ್ತಾರೆ ಅಂತ ಅವರಿಗೆ ಗೊತ್ತಾಯಿತು. 1955ರಲ್ಲಿ ಅವರು ಏನು ಮಾಡಿದರು ಗೊತ್ತಾ? ಆಪರೇಷನ್‌ನಲ್ಲಿ ತೆಗೆದ ಗಡ್ಡೆಗಳನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಆ ಕಾರ್ಖಾನೆಗೇ ಹೋದರು! ನೀರು ತುಂಬಿದ ಗಡ್ಡೆ ಒಂದು ಥರ, ಗಟ್ಟಿ ಗಡ್ಡೆ ಇನ್ನೊಂದು ಥರ ಪ್ರತಿಧ್ವನಿ ಕೊಟ್ಟಿತು. 1958ರಲ್ಲಿ ಅವರ ಪ್ರಬಂಧ ಬಂತು. ಆಮೇಲಿನದು ನಿಮಗೆ ಗೊತ್ತು. ಮುಧೋಳ, ಜಮಖಂಡಿ ಕಡೆಯವರು ಇಲ್ಲಿದ್ದರೆ ಕೇಳಿ: ಬಾಯ್ಲರ್ ವೆಲ್ಡಿಂಗ್ ಗಟ್ಟಿ ಇದೆಯೋ ಇಲ್ಲವೋ ಅಂತ ಇವತ್ತಿಗೂ ಇದೇ ಉಪಾಯದಿಂದ ನೋಡುತ್ತಾರೆ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮತ್ತು ಅಜ್ಜನ ಎದೆ, ಎರಡಕ್ಕೂ ಒಂದೇ ವಿದ್ಯೆ.

ಈಗ ಅಜ್ಜನ ಹತ್ತಿರ ಬರೋಣ. ಜೊತೆಗೆ ಬಂದ ಮಗ ಹೇಳಿದ್ದು, “ದಮ್ಮಿನ ಬ್ಯಾನಿ ಅದ ರೀ, ಹತ್ತು ವರ್ಷದ್ದು. ಬೀಡಿ ಬಿಡವಲ್ಲ.” ಸ್ಟೆತಸ್ಕೋಪ್ ಇಟ್ಟರೆ ಎದೆ ತುಂಬ ಸುಂಯ್ ಸುಂಯ್ ಸದ್ದು. ದಮ್ಮು ಅಂತಲೇ ಔಷಧಿಯನ್ನು ಹಬೆಯಾಗಿ ಕೊಡುವ ನೆಬ್ಯುಲೈಸರ್ ಹಚ್ಚಿ ಸುಮ್ನೆ ಕೂರಬಹುದಿತ್ತು. ಆದರೆ ಬಿಪಿ 210ಕ್ಕೆ ಹೋಗಿತ್ತು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದರೂ ಇದೇ ಸದ್ದು ಬರುತ್ತದೆ. ಎರಡಕ್ಕೂ ಔಷಧಿ ಬೇರೆ ಬೇರೆ. ಎಕ್ಸ್‌ರೇ ತೆಗೆಸಬೇಕೆಂದರೆ ಮಲಗಿಸಬೇಕು, ಇಲ್ಲವೇ ಬೇರೆ ಕೋಣೆಗೆ ತಳ್ಳಬೇಕು. ಮಲಗಿಸಿದರೆ ಅಜ್ಜನ ಉಸಿರು ಅಲ್ಲೇ ನಿಂತುಹೋಗುತ್ತದೆ.

ಗಾಳಿಯೊಳಗೆ ಸ್ಕ್ಯಾನಿಂಗ್ ನಡೆಯುವುದಿಲ್ಲ, ಹಾಗಾಗಿ ಶ್ವಾಸಕೋಶಕ್ಕೂ ಸ್ಕ್ಯಾನಿಂಗಿಗೂ ಸಂಬಂಧವೇ ಇಲ್ಲ ಅಂತ ನಮಗೆ ಕಲಿಸಿದ್ದರು. ಡೇನಿಯಲ್ ಲಿಖ್ಟೆನ್‌ಸ್ಟೈನ್ ಅನ್ನುವ ಫ್ರೆಂಚ್ ಐಸಿಯು ವೈದ್ಯರು ಅದನ್ನು ಒಪ್ಪಲಿಲ್ಲ. ಶ್ವಾಸಕೋಶ ಕಾಣದಿದ್ದರೆ ಬೇಡ, ಅದು ಹುಟ್ಟಿಸುವ ಸುಳ್ಳು ಚಿತ್ರಗಳನ್ನೇ ಓದೋಣ ಅಂತ ಕೂತರು. 2008ರಲ್ಲಿ ಉಸಿರಾಟದ ತೊಂದರೆಯ ಕಾರಣ ಹುಡುಕಲು ‘ಬ್ಲೂ ಪ್ರೋಟೊಕಾಲ್’ ಅನ್ನುವ ದಾರಿಯನ್ನು ಪ್ರಕಟಿಸಿದರು.

ಆ ಸುಳ್ಳು ಚಿತ್ರ ಹೇಗಿರುತ್ತದೆ? ಮತ್ತೆ ಗೋಳಗುಮ್ಮಟಕ್ಕೇ ಹೋಗಬೇಕು. ಹೊಡೆದದ್ದು ಒಂದು ಚಪ್ಪಾಳೆ, ಕೇಳುವುದು ಏಳು ಅಂತ ಗೈಡ್‌ಗಳು ಹೇಳುತ್ತಾರಲ್ಲ. ಉಳಿದವು ಚಪ್ಪಾಳೆಯಲ್ಲ, ಅದೇ ಶಬ್ದದ ಓಡಾಟ. ಆರೋಗ್ಯವಂತ ಶ್ವಾಸಕೋಶದ ಮೇಲೆ ಪ್ರೋಬ್ ಇಟ್ಟಾಗ ಶಬ್ದ ಚರ್ಮಕ್ಕೂ ಶ್ವಾಸಕೋಶದ ಪೊರೆಗೂ ನಡುವೆ ಹೀಗೇ ಹೋಗಿ ಬಂದು ಮಾಡುತ್ತದೆ. ಸ್ಕ್ರೀನ್ ಮೇಲೆ ಸಮ ಅಂತರದಲ್ಲಿ ಅಡ್ಡಗೆರೆಗಳು ಬೀಳುತ್ತವೆ, ನೋಟ್‌ಬುಕ್ಕಿನ ಗೆರೆಗಳ ಹಾಗೆ. ಅವು ‘ಎ ಲೈನ್’. ಒಳಗೆ ಅಂಥ ಗೆರೆಗಳೇ ಇಲ್ಲ! ಆದರೂ ಅವು ಕಂಡರೆ ಅಲ್ಲಿ ಗಾಳಿ ಇದೆ ಅಂತ ಅರ್ಥ. ಶ್ವಾಸಕೋಶ ಒದ್ದೆಯಾದರೆ ಅಡ್ಡಗೆರೆ ಅಳಿಸಿ ಹೋಗುತ್ತವೆ. ಮೇಲಿನ ಪೊರೆಯಿಂದ ಕೆಳತನಕ ಉದ್ದಕ್ಕೆ ಬೆಳಕಿನ ಕೋಲುಗಳು ಇಳಿಯುತ್ತವೆ, ಹಂಚಿನ ಮನೆಯ ಬೆಳಕಿಂಡಿಯಿಂದ ಬಿಸಿಲು ಇಳಿದ ಹಾಗೆ. ಇವು ‘ಬಿ ಲೈನ್’. ಎರಡು ಪಕ್ಕೆಲುಬಿನ ನಡುವೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಕಂಡರೆ ಹುಷಾರಾಗಬೇಕು.

ಅಜ್ಜನ ಎದೆಯ ಎರಡೂ ಕಡೆ, ಎಲ್ಲಿ ಇಟ್ಟರೂ ಬೆಳಕಿನ ಕೋಲುಗಳೇ. ಪ್ರೋಬ್ ಸ್ವಲ್ಪ ಎಡಕ್ಕೆ ಸರಿಸಿ ಹೃದಯ ನೋಡಿದೆ. ಸೋತ ಎತ್ತು ನೊಗ ಎಳೆದ ಹಾಗೆ ಬಡಿದುಕೊಳ್ಳುತ್ತಿತ್ತು. ಮುಖಕ್ಕೆ ಒತ್ತಡದಿಂದ ಗಾಳಿ ತಳ್ಳುವ ಬೈಪ್ಯಾಪ್ ಮಾಸ್ಕ್ ಕಟ್ಟಿದೆವು, ಬಿಪಿ ಇಳಿಸುವ ನೈಟ್ರೋಗ್ಲಿಸರಿನ್ ಡ್ರಿಪ್ ಶುರು ಮಾಡಿದೆವು, ಮೂತ್ರದಲ್ಲಿ ನೀರು ಇಳಿಸುವ ಲ್ಯಾಸಿಕ್ಸ್ ಕೊಟ್ಟೆವು. ನಲವತ್ತು ನಿಮಿಷಕ್ಕೆ ಅಜ್ಜ ಆರಾಮಾಗಿ ಹಿಂದಕ್ಕೆ ಒರಗಿ ಕೂತ. ಹೌಸ್ ಸರ್ಜನ್‌ಗಳು ಗಮನಿಸಿ: ಬರೀ ಬಿ ಲೈನ್ ಕಂಡಿತು ಅಂತ ಹೃದಯದ ತೊಂದರೆ ಅನ್ನುವಂತಿಲ್ಲ. ನ್ಯುಮೋನಿಯಾದಲ್ಲೂ ಬರುತ್ತವೆ, ಆಗ ಹೆಚ್ಚಾಗಿ ಒಂದು ಕಡೆ ಅಥವಾ ಅಲ್ಲಲ್ಲಿ. ಅಜ್ಜನ ಬಿಪಿ, ಬೆವರು, ಕೂತ ಭಂಗಿ, ಹೃದಯದ ಬಡಿತ ಎಲ್ಲ ಒಂದೇ ಕಡೆ ಬೊಟ್ಟು ಮಾಡುತ್ತಿದ್ದವು.

ನಾನು ಯಂತ್ರವನ್ನು ಕೇಳಿದ್ದು ಒಂದೇ ಪ್ರಶ್ನೆ: ಈ ಎದೆ ಒಣಗಿದೆಯೋ ಒದ್ದೆಯೋ? ಹಾಸಿಗೆ ಪಕ್ಕದ ಸ್ಕ್ಯಾನಿಂಗ್ ಅಂದರೆ ಇದೇ. ರೇಡಿಯಾಲಜಿಸ್ಟ್ ಮಾಡುವ ಸ್ಕ್ಯಾನ್ ಊರೆಲ್ಲ ಸುತ್ತಿ ಮನೆಮನೆ ಲೆಕ್ಕ ಬರೆಯುವ ಜನಗಣತಿ ಇದ್ದ ಹಾಗೆ. ನಾವು ಮಾಡುವುದು ಒಂದು ಮನೆ ಬಾಗಿಲು ತಟ್ಟಿ “ಅಣ್ಣಾರ ಅದಾರೇನ್ರೀ?” ಅಂತ ಕೇಳುವುದು. ಇದ್ದಾರೆ, ಇಲ್ಲ. ಅಷ್ಟೇ. ಪ್ರಶ್ನೆ ದೊಡ್ಡದಾದಷ್ಟೂ ನಮ್ಮ ಉತ್ತರ ಕೆಡುತ್ತದೆ. “ಹೊಟ್ಟೆಯಲ್ಲಿ ಏನಾಗಿದೆ ನೋಡ್ರಿ” ಅಂತ ಯಾರಾದರೂ ಪ್ರೋಬ್ ಕೈಗೆ ಕೊಟ್ಟರೆ ನಾನು ಯಂತ್ರ ಆರಿಸುತ್ತೇನೆ.

ಈ ಮಾತನ್ನು ಪುಸ್ತಕ ಓದಿ ಕಲಿತದ್ದಲ್ಲ, ಪೆಟ್ಟು ತಿಂದು ಕಲಿತೆ. ಊರು, ಆಸ್ಪತ್ರೆ ಹೆಸರು ಬೇಡ. ಕಬ್ಬಿನ ಸೀಸನ್. ರಾತ್ರಿ ರಸ್ತೆಯಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ನಿಂತಿರುತ್ತದೆ, ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಬೈಕಿನವನಿಗೆ ಕಾಣುವುದು ಹತ್ತಿರ ಬಂದ ಮೇಲೇ. ಇಪ್ಪತ್ತೆರಡು ವರ್ಷದ ಹುಡುಗ. ಎಡಗೈ ಮುರಿದಿತ್ತು, ಎಡ ಪಕ್ಕೆ ನೋವು. ಮಾತಾಡುತ್ತಿದ್ದ, ಬಿಪಿ ಸರಿ ಇತ್ತು. ನಾನು ‘ಫಾಸ್ಟ್’ ಮಾಡಿದೆ.

ಫಾಸ್ಟ್ ಅಂದರೆ ಅಪಘಾತದಲ್ಲಿ ನಾಲ್ಕು ಜಾಗ ನೋಡುವ ಪರೀಕ್ಷೆ. ಬಲಗಡೆ ಲಿವರ್ ಮತ್ತು ಕಿಡ್ನಿ ನಡುವೆ, ಎಡಗಡೆ ಗುಲ್ಮದ (ಸ್ಪ್ಲೀನ್) ಸುತ್ತ, ಕೆಳಗೆ ಮೂತ್ರಚೀಲದ ಹಿಂದೆ, ಮೇಲೆ ಹೃದಯದ ಸುತ್ತ. ಮಲಗಿದ ಮನುಷ್ಯನ ಹೊಟ್ಟೆಯಲ್ಲಿ ರಕ್ತ ಸೋರಿದರೆ ಅದು ತಗ್ಗು ಹುಡುಕಿಕೊಂಡು ಹೋಗುತ್ತದೆ, ಹೊಲದ ಬದುವಿನ ಮೂಲೆಗೆ ಮಳೆನೀರು ನಿಂತ ಹಾಗೆ. ಆ ತಗ್ಗುಗಳೇ ಇವು. ಅದರಲ್ಲೂ ಲಿವರ್ ಮತ್ತು ಬಲ ಕಿಡ್ನಿ ನಡುವಿನ ಜಾಗ. ಸರಿ ಇದ್ದಾಗ ಎರಡೂ ಒಂದಕ್ಕೊಂದು ಅಂಟಿಕೊಂಡು ಒಂದು ಬೆಳ್ಳನೆ ಗೆರೆ ಕಾಣುತ್ತದೆ. ರಕ್ತ ಇದ್ದರೆ ಆ ಗೆರೆ ಸೀಳಿ ನಡುವೆ ಕಪ್ಪು ಪಟ್ಟಿ ಮೂಡುತ್ತದೆ. ಈಗ ಇದಕ್ಕೆ ಎದೆಯ ಎರಡು ಕಡೆಯನ್ನೂ ಸೇರಿಸಿಕೊಂಡಿದ್ದೇವೆ. ಅಲ್ಲಿ ಶ್ವಾಸಕೋಶದ ಪೊರೆ ಉಸಿರಿನ ಜೊತೆ ಅತ್ತಿತ್ತ ಜಾರುವುದು ಕಾಣಬೇಕು. ಜಾರದಿದ್ದರೆ ಪೊರೆಗಳ ನಡುವೆ ಗಾಳಿ ಸೇರಿರಬಹುದು ಅಂತ ಸಂಶಯ. ಎಲ್ಲ ಸೇರಿ ಐದು ನಿಮಿಷದ ಕೆಲಸ.

ಹುಡುಗನ ನಾಲ್ಕೂ ಜಾಗದಲ್ಲಿ ಏನೂ ಕಾಣಲಿಲ್ಲ. ನಾನು ಹೊರಗೆ ಬಂದು ಅವರ ಅಪ್ಪನಿಗೆ, “ಹೊಟ್ಟಿ ಸ್ವಚ್ಛ ಅದ ರೀ, ಕೈ ಎಲುಬು ಅಷ್ಟ” ಅಂದೆ. ಕೈಗೆ ಪಟ್ಟಿ ಕಟ್ಟುವ ಕೆಲಸ ನಡೆಯಿತು. ಒಂದೂವರೆ ಗಂಟೆ ಕಳೆದ ಮೇಲೆ ಸಿಸ್ಟರ್ ಬಂದು ಪಲ್ಸ್ 130 ಇದೆ ಅಂದರು. ನೋವಿಗೆ ಇರಬೇಕು ಅಂದುಕೊಂಡೆ. ನೋಡಿ, ನನ್ನ ತಲೆಯಲ್ಲಿ ಆ ‘ಸ್ವಚ್ಛ’ ಅನ್ನುವ ಮಾತು ಕೂತುಬಿಟ್ಟಿತ್ತು. ಸಿಸ್ಟರ್ ಹೋಗಲಿಲ್ಲ. “ಸರ್, ಇನ್ನೊಮ್ಮೆ ನೋಡ್ರಿ” ಅಂದರು. ಪ್ರೋಬ್ ಇಟ್ಟೆ. ಲಿವರ್ ಕೆಳಗೆ ಒಂದು ಬೆರಳು ದಪ್ಪ ಕಪ್ಪು. ಗುಲ್ಮ ಒಡೆದಿತ್ತು. ಸರ್ಜನ್ ಬಂದರು, ರಕ್ತ ಸಿಕ್ಕಿತು, ಹುಡುಗ ಉಳಿದ.

ಯಂತ್ರ ಸುಳ್ಳು ಹೇಳಿರಲಿಲ್ಲ. ಮೊದಲ ಸಲ ನೋಡಿದಾಗ ರಕ್ತ ಕಣ್ಣಿಗೆ ಬೀಳುವಷ್ಟು ಸೇರಿರಲಿಲ್ಲ. ಸುಮಾರು 200 ಮಿಲಿ ಮೀರದೆ ಅದು ಸರಿಯಾಗಿ ಕಾಣುವುದೇ ಕಷ್ಟ, ನೋಡುವವನ ಕೈ ಪಳಗಿರದಿದ್ದರೆ ಇನ್ನೂ ಜಾಸ್ತಿ ಬೇಕು. ಕರುಳು ತೂತಾದರೆ, ಬೆನ್ನಿನ ಕಡೆ ರಕ್ತ ಸೋರಿದರೆ ಫಾಸ್ಟ್‌ನಲ್ಲಿ ಸಿಗದೇ ಹೋಗಬಹುದು. ‘ಈಗ ಕಾಣುತ್ತಿಲ್ಲ’ ಅನ್ನಬೇಕಿತ್ತು, ‘ಸ್ವಚ್ಛ’ ಅಂದೆ. ಅವತ್ತಿನಿಂದ ಕೇಸ್ ಶೀಟಿನಲ್ಲಿ ಸ್ಕ್ಯಾನ್ ಪಕ್ಕ ಗಂಟೆ, ನಿಮಿಷ ಬರೆಯುತ್ತೇನೆ. ಮುಂದಿನ ಸಲ ಯಾವಾಗ ನೋಡಬೇಕು ಅಂತಲೂ ಅಲ್ಲೇ ಬರೆದಿಡುತ್ತೇನೆ. ಬಿಪಿ ಬಿದ್ದವನ ಹೊಟ್ಟೆಯಲ್ಲಿ ಕಪ್ಪು ಕಂಡರೆ ಸಿಟಿ ಸ್ಕ್ಯಾನಿಗೆ ಕಳಿಸಿ ಕಾಯಬೇಡಿ, ಸರ್ಜನ್‌ಗೆ ಫೋನ್ ಮಾಡಿ. ಕಪ್ಪು ಕಾಣಲಿಲ್ಲ ಅಂತ ಧೈರ್ಯವಾಗಿ ಕೂರಬೇಡಿ.

ಹೃದಯದ ಸುತ್ತ ನೋಡುವುದು ಬರೀ ಅಪಘಾತಕ್ಕಲ್ಲ. ಒಬ್ಬಳು ಹೆಣ್ಣುಮಗಳು ಜ್ವರ, ಸುಸ್ತು ಅಂತ ಮೂರು ಕಡೆ ತೋರಿಸಿಕೊಂಡು ಬಂದಿದ್ದಳು. ಬಿಪಿ ಸಿಗದಷ್ಟು ಇಳಿದಿತ್ತು. ಎಲ್ಲ ಕಡೆ ಸೋಂಕು ಅಂತ ಸಲೈನ್ ಏರಿಸಿದ್ದರು. ಪ್ರೋಬ್ ಇಟ್ಟರೆ ಹೃದಯ ನೀರಿನ ಚೀಲದಲ್ಲಿ ತೇಲಾಡುತ್ತಿತ್ತು, ಸುತ್ತಲಿನ ನೀರು ಒತ್ತಿ ಅದಕ್ಕೆ ಅರಳಲು ಬಿಡುತ್ತಿರಲಿಲ್ಲ. ಸ್ಕ್ರೀನ್ ನೋಡುತ್ತಲೇ ಸೂಜಿ ಹಾಕಿ ನೀರು ತೆಗೆದೆವು. ಸಿರಿಂಜ್ ತುಂಬುತ್ತಿದ್ದ ಹಾಗೇ ಮಾನಿಟರಿನಲ್ಲಿ ಬಿಪಿ ಏರಿತು. ಕೊನೆಗೆ ಗೊತ್ತಾದದ್ದು ಟಿಬಿ.

ಹೃದಯ ನಿಂತವರ ವಿಷಯದಲ್ಲಿ ಒಂದೇ ಮಾತು. ಎದೆ ಒತ್ತುವುದು ಮುಖ್ಯ, ಸ್ಕ್ಯಾನಿಂಗ್ ಅಲ್ಲ. ಪಲ್ಸ್ ನೋಡಲು ನಿಲ್ಲಿಸುವ ಹತ್ತು ಸೆಕೆಂಡಿನಲ್ಲೇ ಪ್ರೋಬ್ ಇಟ್ಟು ವಿಡಿಯೋ ಹಿಡಿದುಕೊಳ್ಳಿ, ಮತ್ತೆ ಒತ್ತಲು ಶುರು ಮಾಡಿ, ವಿಡಿಯೋ ಆಮೇಲೆ ನೋಡಿ. ಒಬ್ಬರು ಗಟ್ಟಿಯಾಗಿ ಹತ್ತು ಎಣಿಸುತ್ತಿರಬೇಕು. ಎಣಿಸದಿದ್ದರೆ ಎಲ್ಲರೂ ಸ್ಕ್ರೀನ್ ನೋಡುತ್ತಾ ನಿಂತುಬಿಡುತ್ತಾರೆ, ಕ್ರಿಕೆಟ್ ನೋಡಿದ ಹಾಗೆ.

ಈಗ ಸ್ವಲ್ಪ ಜಗಳದ ವಿಷಯ. ಹೃದಯಕ್ಕೆ ರಕ್ತ ತರುವ ಕೆಳಗಿನ ದೊಡ್ಡ ರಕ್ತನಾಳ, ಐವಿಸಿ. ಅದು ಚಪ್ಪಟೆಯಾಗಿದ್ದರೆ ಸಲೈನ್ ಕೊಡು, ಉಬ್ಬಿದ್ದರೆ ನಿಲ್ಲಿಸು ಅಂತ ಒಂದು ಸುಲಭದ ಸೂತ್ರ ಎಲ್ಲ ಕಡೆ ಹರಡಿದೆ. ನನಗೆ ಇದರ ಮೇಲೆ ನಂಬಿಕೆ ಕಮ್ಮಿ. ವಾಂತಿ ಭೇದಿಯಾಗಿ ಬಂದವನಲ್ಲಿ ಪೂರ್ತಿ ಅಂಟಿಕೊಂಡು ಹೋಗಿದ್ದರೆ ಸರಿ, ಆದರೆ ಅದಕ್ಕೆ ಯಂತ್ರ ಬೇಕಾಗಿಲ್ಲ, ನಾಲಿಗೆ ನೋಡಿದರೂ ಗೊತ್ತಾಗುತ್ತದೆ. ನಡುವಿನ ಅಳತೆಯಲ್ಲಿ ಇದ್ದಾಗಲೇ ನಮಗೆ ಉತ್ತರ ಬೇಕಿರುವುದು, ಆಗಲೇ ಅದು ಕೈಕೊಡುತ್ತದೆ. ವೆಂಟಿಲೇಟರ್ ಮೇಲೆ ಇದ್ದವರಲ್ಲಂತೂ ಆಟವೇ ಉಲ್ಟಾ: ಸಹಜವಾಗಿ ಉಸಿರು ಎಳೆದಾಗ ಕುಗ್ಗುವ ನಾಳ, ಯಂತ್ರ ಗಾಳಿ ತಳ್ಳಿದಾಗ ಉಬ್ಬುತ್ತದೆ. ಡೆಂಗ್ಯೂ ಮಕ್ಕಳಿಗೆ ಐವಿಸಿ ಒಂದನ್ನೇ ನೋಡಿ ಬಾಟಲಿ ಮೇಲೆ ಬಾಟಲಿ ಏರಿಸಿ, ಆಮೇಲೆ ಎದೆಯಲ್ಲಿ ನೀರು ಅಂತ ಕಳಿಸಿದ್ದನ್ನು ನೋಡಿದ್ದೇನೆ. ಸಲೈನ್ ಕೊಡುವಾಗ ಎದೆಯ ಮೇಲೂ ಪ್ರೋಬ್ ಇಡಿ. ಬೆಳಗ್ಗೆ ಇಲ್ಲದ ಬಿ ಲೈನ್ ಮಧ್ಯಾಹ್ನ ಬಂತು ಅಂದರೆ ಡ್ರಿಪ್ ಕಮ್ಮಿ ಮಾಡುವ ಯೋಚನೆ ಮಾಡಿ.

ಕಾನೂನಿನ ಮಾತು ಬಿಡುವಂತಿಲ್ಲ. “ಸರ್, ಯಂತ್ರ ತಂದು ತೋರಿಸಬಹುದಿತ್ತಲ್ಲ, ಬರೀ ವಿಡಿಯೋ ತೋರಿಸ್ತಿದೀರಿ” ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದರು. ತರುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇದೆ. ಸ್ಕ್ಯಾನಿಂಗ್ ಯಂತ್ರವನ್ನು ಇಂಥ ಜಾಗ ಅಂತ ನೋಂದಣಿ ಮಾಡಿಸಬೇಕು, ಕಂಡ ಕಂಡಲ್ಲಿ ಒಯ್ಯುವಂತಿಲ್ಲ. ನಾವು ನೋಡುವುದು ಟ್ರ್ಯಾಕ್ಟರಿಗೆ ಗುದ್ದಿದವನ ಗುಲ್ಮವೇ ಆದರೂ ಯಂತ್ರಕ್ಕೆ ಅದು ಗೊತ್ತಿಲ್ಲ, ಅದೇ ಪ್ರೋಬ್‌ನಲ್ಲಿ ಗರ್ಭವೂ ಕಾಣುತ್ತದೆ. ಮೊಬೈಲಿಗೆ ಸಿಕ್ಕಿಸುವ ಸಣ್ಣ ಪ್ರೋಬ್‌ಗಳು ಬಂದಿವೆ, ಅವಕ್ಕೂ ಇದೇ ಕಾಯ್ದೆ. ಚೀಲದಲ್ಲಿ ಹಾಕಿಕೊಂಡು ಓಡಾಡಬೇಡಿ. ಗರ್ಭಿಣಿಯ ಹೊಟ್ಟೆ ಮೇಲೆ ಪ್ರೋಬ್ ಇಟ್ಟರೆ ಈ ಕಾಯ್ದೆಯ ಎಫ್ ಫಾರ್ಮ್ ತುಂಬಬೇಕು. ಗರ್ಭ ಟ್ಯೂಬಿನಲ್ಲಿ ಒಡೆದು ಬಂದವಳನ್ನು ಮೊದಲು ಆಪರೇಷನ್ ಥಿಯೇಟರಿಗೆ ಕಳಿಸಿ, ಆದರೆ ಕಾಗದ ಮರೆಯಬೇಡಿ. ಮೊದಲ ಸಲ ತಪ್ಪಿಗೇ ಮೂರು ವರ್ಷದವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ.

ಈ ಕಾಗದಪತ್ರಕ್ಕೆ ಹೆದರಿ ಸಣ್ಣ ಆಸ್ಪತ್ರೆಗಳು ಕ್ಯಾಶುವಾಲ್ಟಿಗೆ ಯಂತ್ರವನ್ನೇ ಇಡುವುದಿಲ್ಲ. ನಮ್ಮ ವೈದ್ಯ ಗೆಳೆಯರು ಸೇರಿದಾಗಲೆಲ್ಲ ಗೊಣಗುತ್ತಾರೆ. ನಾನು ಗೊಣಗುವುದಿಲ್ಲ. ಹೊಟ್ಟೆಯಲ್ಲಿರುವುದು ಹೆಣ್ಣು ಅಂತ ಗೊತ್ತಾದರೆ ತೆಗೆಸುತ್ತಿದ್ದರು, ಅದಕ್ಕೇ ಕಾಯ್ದೆ ಬಂತು ಅಂತ ನಮ್ಮ ಕಡೆಯವರಿಗೆ ಬೇರೆಯವರು ಬಂದು ಹೇಳಿಕೊಡಬೇಕಾಗಿಲ್ಲ. ನೋಂದಣಿಗೆ ಓಡಾಡಿ, ಯಂತ್ರ ತಂದು ಇಡಿ.

ಆಂಬುಲೆನ್ಸ್ ಅಣ್ಣನೊಬ್ಬರು ಕೇಳಿದರು, ಮುದ್ದೇಬಿಹಾಳದಿಂದ ಬರುವಷ್ಟು ಹೊತ್ತಿನಲ್ಲಿ ಗಾಡಿಯಲ್ಲೇ ನೋಡಿದರೆ ಆಗಲ್ವಾ ಅಂತ. ನಿಮ್ಮ ಗಾಡಿಯಲ್ಲಿ ಅದು ಇಲ್ಲ, ಇಲ್ಲ ಅಂತ ಬೇಜಾರು ಬೇಡ. ರಕ್ತ ಸೋರುತ್ತಿರುವವನಿಗೆ ರಸ್ತೆ ಬದಿ ನಿಂತು ಚಿತ್ರ ನೋಡುವುದಕ್ಕಿಂತ ಗಾಡಿ ಓಡಿಸುವುದು ಮೇಲು. ಅರ್ಧ ಗಂಟೆ ಮುಂಚೆ ಫೋನ್ ಮಾಡಿ “ಹೊಟ್ಟಿಗೆ ಹ್ಯಾಂಡಲ್ ಬಡದದ, ಪಲ್ಸ್ 120” ಅಂದುಬಿಡಿ. ನಾನು ಯಂತ್ರ ಆನ್ ಮಾಡಿ ಬಾಗಿಲಲ್ಲಿ ನಿಂತಿರುತ್ತೇನೆ.

ಇನ್ನೊಬ್ಬ ಸಿಸ್ಟರ್ ಕೇಳಿದ್ದು, ಪ್ರೋಬ್ ನಾವು ಹಿಡಿಯಬಹುದಾ ಅಂತ. ಈಗಿನ ನಿಯಮದಲ್ಲಿ ಅರ್ಹ ವೈದ್ಯರೇ ಹಿಡಿಯಬೇಕು. ಆದರೆ ಸ್ಕ್ರೀನ್ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಕುತ್ತಿಗೆಯ ರಕ್ತನಾಳಕ್ಕೆ ಲೈನ್ (ಔಷಧಿ ಕೊಡುವ ನಳಿಕೆ) ಹಾಕುವಾಗ ಪಕ್ಕಪಕ್ಕದಲ್ಲಿ ಎರಡು ಕಪ್ಪು ಉಂಗುರ ಕಾಣುತ್ತವೆ. ಪ್ರೋಬ್ ಮೆಲ್ಲಗೆ ಒತ್ತಿದರೆ ಒಂದು ಚಪ್ಪಟೆಯಾಗುತ್ತದೆ, ಅದು ಸಿರೆ. ಇನ್ನೊಂದು ಜಗ್ಗುವುದಿಲ್ಲ, ಅದು ಅಪಧಮನಿ, ಅದಕ್ಕೆ ಚುಚ್ಚಬಾರದು. ಒಂದು ರಾತ್ರಿ ಡ್ಯೂಟಿಯಲ್ಲಿ ನಾನು ಸೂಜಿ ಮುಂದೆ ಮುಂದೆ ತಳ್ಳುತ್ತಿದ್ದೆ. ಹಿಂದೆ ನಿಂತಿದ್ದ ಸಿಸ್ಟರ್, “ಸರ್, ತುದಿ ಕಾಣವಲ್ಲದು” ಅಂದರು. ನಿಲ್ಲಿಸಿ ನೋಡಿದೆ. ಅವರ ಮಾತು ಸರಿ ಇತ್ತು. ನಾನು ನೋಡುತ್ತಿದ್ದದ್ದು ಸೂಜಿಯ ನಡುಭಾಗ, ತುದಿ ಆಗಲೇ ಸಿರೆ ದಾಟಿ ಹೋಗಿತ್ತು. ಹಿಂದಕ್ಕೆ ಎಳೆದುಕೊಂಡೆ.

ಹಾಂ, ಅಜ್ಜನ ವಿಷಯ ಮರೆತೆ. ನಾಲ್ಕನೇ ದಿನ ಡಿಸ್ಚಾರ್ಜ್ ಆಯಿತು. ಚೀಟಿ ಕೈಯಲ್ಲಿ ಹಿಡಿದು ಕ್ಯಾಶುವಾಲ್ಟಿ ಬಾಗಿಲಿಗೆ ಬಂದು, ಸಿಸ್ಟರ್‌ಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಅಂದ: “ಡಾಕ್ಟರ್ರ, ಹೆರಿಗಿ ಸಲೀಸ ಆತ್ರೀ.”